ಪ್ರಿಂಟರಿಗೂ ಒಂದು ವಿಳಾಸ ಇದೆ



ಸಂಘದ ಲೆಕ್ಕ ಬರೆಯಲು ಕಲಿತೆವು. ಬ್ಯಾಂಕಿಗೆ ಹೋಗಿ ಮ್ಯಾನೇಜರ ಮುಂದೆ ಕೂತು ಮಾತಾಡಲು ಕಲಿತೆವು. ಈಗ ಅನೇಕ ಒಕ್ಕೂಟಗಳ ಕಚೇರಿಗೆ ಕಂಪ್ಯೂಟರ್ ಬಂದಿದೆ, ಪ್ರಿಂಟರ್ ಬಂದಿದೆ. ಆದರೆ ಪ್ರಿಂಟರ್ ನಿಂತುಹೋದರೆ ಮಾತ್ರ ನಾವು ಮತ್ತೆ ಕೈಕಟ್ಟಿ ಕೂರುತ್ತೇವೆ. "ಅದೆಲ್ಲ ನಮಗೆ ತಿಳಿಯಲ್ಲ, ರಿಪೇರಿ ಹುಡುಗ ಬರಲಿ" ಅಂತ ಕಾಯುತ್ತೇವೆ. ಹೀಗೆ ಕಾದದ್ದರಿಂದ ನಮಗೆ ಏನಾಯಿತು ಅನ್ನೋದನ್ನು ಮೊದಲು ಹೇಳಿ, ಆಮೇಲೆ ವಿಷಯಕ್ಕೆ ಬರುತ್ತೇವೆ.

ಒಂದು ಶುಕ್ರವಾರ ನಡೆದದ್ದು

ನಮ್ಮ ಒಕ್ಕೂಟದ ಕಚೇರಿಯಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಇವೆ. ಎರಡು ಸಂಘಗಳ ಸಾಲದ ಅರ್ಜಿಯನ್ನು ಆ ಶುಕ್ರವಾರ ಸಂಜೆ ನಾಲ್ಕು ಗಂಟೆಯೊಳಗೆ ಬ್ಯಾಂಕಿಗೆ ಕೊಡಬೇಕಿತ್ತು. ಮಾರನೇ ದಿನ ಎರಡನೇ ಶನಿವಾರ, ಆಮೇಲೆ ಭಾನುವಾರ, ಎರಡು ದಿನ ಬ್ಯಾಂಕ್ ರಜೆ. ಬೆಳಿಗ್ಗೆ ಒಂದು ಗಂಟೆ ಹೊತ್ತು ಕರೆಂಟ್ ಹೋಗಿ ಬಂತು. ಬಂದ ಮೇಲೆ ಪ್ರಿಂಟ್ ಕೊಟ್ಟರೆ ಪ್ರಿಂಟರ್ ಸುಮ್ಮನೆ ಕೂತಿದೆ. ಅದರ ದೀಪ ಉರಿಯುತ್ತಿದೆ, ಕಾಗದ ಇದೆ, ಇಂಕ್ ಇದೆ. ಕಂಪ್ಯೂಟರ್ ಪರದೆಯಲ್ಲಿ ಮಾತ್ರ "ಆಫ್‌ಲೈನ್" ಅಂತ ಬರುತ್ತಿದೆ. ಮತ್ತೆ ಒತ್ತಿದೆವು. ಇನ್ನೊಮ್ಮೆ ಒತ್ತಿದೆವು. ವೈರುಗಳನ್ನೆಲ್ಲ ಎಳೆದು ನೋಡಿದೆವು. ಏನೂ ಆಗಲಿಲ್ಲ.

ಕೊನೆಗೆ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಜೆರಾಕ್ಸ್ ಅಂಗಡಿಗೆ ಓಡಿದೆವು. 24 ಜನ ಸದಸ್ಯೆಯರ ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಫೋಟೊ, ಸಾಲದ ಬಾಕಿಯ ಪಟ್ಟಿ, ಎಲ್ಲ ಅದರಲ್ಲಿತ್ತು. ಅಂಗಡಿಯವರು ಅದನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ಪ್ರಿಂಟ್ ತೆಗೆದರು. ಪಟ್ಟಿ ಪರದೆ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ನಮ್ಮ ಹಿಂದೆ ನಾಲ್ಕೈದು ಜನ ನಿಂತಿದ್ದರು. ಬ್ಯಾಂಕ್ ತಲುಪಿದಾಗ ಗಂಟೆ 3.50.

ಸೋಮವಾರ ರಿಪೇರಿ ಹುಡುಗ ಬಂದ. ಹತ್ತು ನಿಮಿಷ ಕಂಪ್ಯೂಟರಿನ ಮುಂದೆ ಕೂತ. ಪ್ರಿಂಟರನ್ನು ಮುಟ್ಟಲೂ ಇಲ್ಲ. ಅಷ್ಟರಲ್ಲಿ ಶುಕ್ರವಾರ ನಾವು ಒತ್ತಿದ್ದ ಪ್ರಿಂಟುಗಳೆಲ್ಲ ಒಂದರ ಹಿಂದೆ ಒಂದು ಹೊರಗೆ ಬಂದವು. ಒಂದೇ ಅರ್ಜಿ ಐದು ಪ್ರತಿ!

"ಏನಾಗಿತ್ತಪ್ಪ?" ಅಂತ ಕೇಳಿದೆವು.

"ಏನಿಲ್ಲ ಅಕ್ಕ, ಐಪಿ ಚೇಂಜ್ ಆಗಿತ್ತು" ಅಂದ. 500 ರೂಪಾಯಿ ತೆಗೆದುಕೊಂಡು ಹೋದ. ಅವನ ತಪ್ಪೇನೂ ಇಲ್ಲ. ಅವನಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ, ಅಷ್ಟೇ.

ದುಡ್ಡು ಹೋದದ್ದು ದೊಡ್ಡ ಮಾತಲ್ಲ. ಆ ವಾರದ ಸಭೆಯಲ್ಲಿ ಒಬ್ಬ ಅಕ್ಕ ಎದ್ದು ನಿಂತು, "ನನ್ನ ಕಂತು ಬಾಕಿ ಇರೋದು ನಮ್ಮ ಬೀದಿಯವರಿಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದರು. ನಾವು ತಲೆ ತಗ್ಗಿಸಿದೆವು. ಸಂಘದ ಮಾತು ಸಂಘದಲ್ಲೇ ಇರಬೇಕು ಅಂತ ಮೊದಲ ದಿನವೇ ನಿಯಮ ಬರೆದುಕೊಂಡವರು ನಾವು. ಕಚೇರಿಯಲ್ಲಿ ಪ್ರಿಂಟರ್ ಇದ್ದೂ ಆ ನಿಯಮವನ್ನು ಮುರಿದೆವು. ಅವತ್ತೇ ತೀರ್ಮಾನ ಮಾಡಿದೆವು: ಈ "ಐಪಿ" ಅಂದರೆ ಏನು, ಪ್ರಿಂಟರ್ ಕಂಪ್ಯೂಟರಿಗೆ ಹೇಗೆ ಜೋಡಣೆ ಆಗಿರುತ್ತೆ ಅನ್ನೋದನ್ನು ಕಲಿಯಲೇಬೇಕು. ಕಲಿತದ್ದನ್ನು ಇಲ್ಲಿ ನಿಮ್ಮ ಜೊತೆ ಹಂಚಿಕೊಳ್ಳುತ್ತೇವೆ.

ನೆಟ್‌ವರ್ಕ್ ಅಂದರೆ ಏನು?

ನೆಟ್‌ವರ್ಕ್ ಅಂದರೆ ಜಾಲ. ಎರಡು ಅಥವಾ ಹೆಚ್ಚು ಯಂತ್ರಗಳು ಒಂದಕ್ಕೊಂದು ಮಾತಾಡುವಂತೆ ಜೋಡಿಸಿದರೆ ಅದು ನೆಟ್‌ವರ್ಕ್. ಒಂದು ಸಂಘದಲ್ಲಿ 15 ಜನ ಸೇರಿದಂತೆ, ಕಚೇರಿಯ ಕಂಪ್ಯೂಟರ್, ಪ್ರಿಂಟರ್, ನಮ್ಮ ಮೊಬೈಲ್ ಎಲ್ಲ ಒಂದು ಗುಂಪಿಗೆ ಸೇರುತ್ತವೆ. ಒಂದೇ ಕಚೇರಿ, ಒಂದೇ ಕಟ್ಟಡದೊಳಗಿನ ಗುಂಪಿಗೆ ಲ್ಯಾನ್ ಅನ್ನುತ್ತಾರೆ. ಇಂಟರ್‌ನೆಟ್ ಅಂದರೆ ಇಂಥ ಲೆಕ್ಕವಿಲ್ಲದಷ್ಟು ಜಾಲಗಳು ಸೇರಿದ ಮಹಾಜಾಲ.

ಇಲ್ಲಿ ಒಂದು ಮಾತು ನೆನಪಿಡಿ. ಕಚೇರಿಯೊಳಗೆ ಪ್ರಿಂಟ್ ತೆಗೆಯಲು ಸಾಮಾನ್ಯವಾಗಿ ಇಂಟರ್‌ನೆಟ್ ಬೇಕಾಗಿಲ್ಲ. ಇಂಟರ್‌ನೆಟ್ ರೀಚಾರ್ಜ್ ಮುಗಿದಿದ್ದರೂ ಕಚೇರಿಯ ಒಳಗಿನ ಜಾಲ ಕೆಲಸ ಮಾಡುತ್ತಲೇ ಇರುತ್ತೆ. "ನೆಟ್ ಇಲ್ಲ, ಪ್ರಿಂಟ್ ಬರಲ್ಲ" ಅಂತ ಸುಮ್ಮನೆ ಕೂರಬೇಡಿ, ಒಮ್ಮೆ ಕೊಟ್ಟು ನೋಡಿ.

ಈ ಜಾಲದ ಕತೆಯಲ್ಲಿ ಪ್ರಿಂಟರಿಗೆ ಮೊದಲಿನಿಂದಲೂ ಜಾಗ ಇದೆ. ಜೆರಾಕ್ಸ್ ಅನ್ನೋ ಹೆಸರು ನಮಗೆಲ್ಲ ಗೊತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆ ಕಂಪನಿಯ ಒಂದು ಸಂಶೋಧನಾ ಕೇಂದ್ರ ಇತ್ತು. 1973ರಲ್ಲಿ ಅಲ್ಲಿನ ಬಾಬ್ ಮೆಟ್‌ಕಾಫ್ ಎಂಬ ಇಂಜಿನಿಯರ್, ಅಲ್ಲಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಅವೆಲ್ಲ ಒಂದು ಲೇಸರ್ ಪ್ರಿಂಟರನ್ನು ಹಂಚಿಕೊಳ್ಳುವಂತೆ ಮಾಡಲು ಒಂದು ವಿಧಾನ ಯೋಚಿಸಿದರು. ಅದಕ್ಕೆ ಈಥರ್‌ನೆಟ್ ಅಂತ ಹೆಸರಿಟ್ಟರು. ಇವತ್ತು ನಮ್ಮ ಕಚೇರಿಗಳಲ್ಲಿ ಇರುವ ನೆಟ್‌ವರ್ಕ್ ಕೇಬಲ್ ಅದೇ ಈಥರ್‌ನೆಟ್ಟಿನ ಸಂತತಿ. ಒಂದು ಯಂತ್ರವನ್ನು ಹತ್ತು ಜನ ಹಂಚಿಕೊಂಡು ಬಳಸುವುದು ಹೇಗೆ ಅನ್ನೋದು ಅಲ್ಲಿದ್ದ ಪ್ರಶ್ನೆ. ಒಂದು ಹೊಲಿಗೆ ಯಂತ್ರವನ್ನು ಇಡೀ ಸಂಘ ಬಳಸುವ ನಮಗೆ ಈ ಪ್ರಶ್ನೆ ಹೊಸದಲ್ಲ.

ತಿಳಿದಿರಬೇಕಾದ ಏಳು ಪದಗಳು

1. ರೂಟರ್. ಕಚೇರಿಯ ಗೋಡೆಯಲ್ಲೋ ಮೇಜಿನ ಮೇಲೋ ಇರುವ, ದೀಪ ಮಿಣುಕುವ ಸಣ್ಣ ಪೆಟ್ಟಿಗೆ. ಜನ ಇದನ್ನು "ವೈ-ಫೈ ಬಾಕ್ಸ್" ಅಂತಾರೆ. ಇದು ಊರಿನ ಅಂಚೆ ಕಚೇರಿ ಇದ್ದ ಹಾಗೆ. ಯಾರಿಂದ ಬಂದ ಕಾಗದ ಯಾರಿಗೆ ತಲುಪಬೇಕು ಅಂತ ನೋಡಿ ಕಳಿಸುತ್ತೆ. ಹೊರಗಿನ ಇಂಟರ್‌ನೆಟ್ ಕೂಡ ಇದರ ಮೂಲಕವೇ ಒಳಗೆ ಬರುತ್ತೆ.

2. ಐಪಿ ವಿಳಾಸ. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ನಂಬರ್ ಇರುತ್ತೆ. ಮನೆಗೆ ಡೋರ್ ನಂಬರ್ ಇದ್ದ ಹಾಗೆ. ಸಾಮಾನ್ಯವಾಗಿ ಅದು ನಾಲ್ಕು ಭಾಗದ ನಂಬರ್, ನಡುವೆ ಚುಕ್ಕೆ. ಉದಾಹರಣೆಗೆ 192.168.1.25. ಒಂದೊಂದು ಭಾಗವೂ 0ಯಿಂದ 255ರ ಒಳಗೆ ಇರುತ್ತೆ. 192.168 ಅಂತ ಶುರುವಾಗುವ ನಂಬರುಗಳು ಮನೆ, ಕಚೇರಿಗಳ ಒಳಗಿನ ಬಳಕೆಗೆ ಮೀಸಲು. ಆದ್ದರಿಂದ ನಿಮ್ಮ ಕಚೇರಿಯಲ್ಲೂ ಪಕ್ಕದ ಊರಿನ ಕಚೇರಿಯಲ್ಲೂ ಒಂದೇ ನಂಬರ್ ಇರಬಹುದು. ಬೇರೆ ಬೇರೆ ಊರಲ್ಲಿ ಒಂದೇ ಡೋರ್ ನಂಬರ್ ಇರುತ್ತೆ ಅಲ್ವಾ, ಹಾಗೆ. ಆದರೆ ಒಂದೇ ಕಚೇರಿಯಲ್ಲಿ ಎರಡು ಯಂತ್ರಕ್ಕೆ ಒಂದೇ ನಂಬರ್ ಇರಬಾರದು. ಇದ್ದರೆ ಎರಡಕ್ಕೂ ತೊಂದರೆ.

3. ಡಿಎಚ್‌ಸಿಪಿ. ಹೆಸರು ಉದ್ದ, ಕೆಲಸ ಸುಲಭ. ಹೊಸ ಯಂತ್ರ ಜಾಲಕ್ಕೆ ಸೇರಿದಾಗ "ನನಗೊಂದು ನಂಬರ್ ಕೊಡಿ" ಅಂತ ಕೇಳುತ್ತೆ. ರೂಟರ್ ಖಾಲಿ ಇರುವ ಒಂದು ನಂಬರನ್ನು ಕೊಡುತ್ತೆ. ಆದರೆ ಕೊಡುವುದು ಶಾಶ್ವತವಾಗಿ ಅಲ್ಲ, ಇಷ್ಟು ಹೊತ್ತಿಗೆ ಅಂತ ಬಾಡಿಗೆಗೆ. ಅವಧಿ ಮುಗಿಯುವ ಮುಂಚೆ ಯಂತ್ರ ಮತ್ತೆ ಕೇಳಿ ಮುಂದುವರಿಸಿಕೊಳ್ಳಬೇಕು. ಕೆಲವು ರೂಟರುಗಳು ಕರೆಂಟ್ ಹೋಗಿ ಬಂದಾಗ ಹಿಂದೆ ಯಾರಿಗೆ ಯಾವ ನಂಬರ್ ಕೊಟ್ಟಿದ್ದೆ ಅನ್ನೋ ಪಟ್ಟಿಯನ್ನೇ ಮರೆಯುತ್ತವೆ. ಆಗ ಪ್ರಿಂಟರಿಗೆ ಹೊಸ ನಂಬರ್ ಸಿಗಬಹುದು. ನಮ್ಮ ಕಚೇರಿಯಲ್ಲಿ ಆ ಶುಕ್ರವಾರ ಆದದ್ದು ಇದೇ. ಪ್ರಿಂಟರ್ ಹೊಸ ಮನೆಗೆ ಹೋಗಿತ್ತು, ಕಂಪ್ಯೂಟರ್ ಹಳೇ ಮನೆಯ ಬಾಗಿಲು ಬಡಿಯುತ್ತಾ ನಿಂತಿತ್ತು.

4. ಸ್ಟ್ಯಾಟಿಕ್ ವಿಳಾಸ. ಬದಲಾಗದ ನಂಬರ್. ಬಾಡಿಗೆ ಮನೆ ಬಿಟ್ಟು ಸ್ವಂತ ಮನೆ ಮಾಡಿಕೊಂಡ ಹಾಗೆ. ಪ್ರಿಂಟರಿಗೆ ಇದು ಬೇಕೇಬೇಕು. ಹೇಗೆ ಮಾಡೋದು ಅಂತ ಮುಂದೆ ಹೇಳುತ್ತೇವೆ.

5. ಮ್ಯಾಕ್ ವಿಳಾಸ. ಇದು ಕಾರ್ಖಾನೆಯಲ್ಲೇ ಯಂತ್ರಕ್ಕೆ ಕೊಟ್ಟ ಗುರುತು. 0ಯಿಂದ 9ರ ವರೆಗಿನ ಅಂಕಿ ಮತ್ತು ಎ ಯಿಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರ ಸೇರಿ ಒಟ್ಟು 12 ಇರುತ್ತವೆ. ಐಪಿ ವಿಳಾಸ ಡೋರ್ ನಂಬರ್ ಆದರೆ, ಮ್ಯಾಕ್ ವಿಳಾಸ ಆಧಾರ್ ನಂಬರ್ ಇದ್ದ ಹಾಗೆ. ಮನೆ ಬದಲಾದರೂ ಆಧಾರ್ ಬದಲಾಗಲ್ಲ. ಪ್ರಿಂಟರಿನ ಹಿಂದೆ ಅಂಟಿಸಿದ ಚೀಟಿಯಲ್ಲಿ ಅನೇಕ ಸಲ ಇದನ್ನು ಬರೆದಿರುತ್ತಾರೆ. ಕೇಬಲ್‌ಗೆ ಒಂದು, ವೈ-ಫೈಗೆ ಒಂದು, ಹೀಗೆ ಎರಡು ಇರುವುದೂ ಉಂಟು.

6. ಡ್ರೈವರ್. ಕಂಪ್ಯೂಟರಿನ ಮಾತು ಬೇರೆ, ಪ್ರಿಂಟರಿನ ಮಾತು ಬೇರೆ. ನಡುವೆ ಭಾಷಾಂತರ ಮಾಡುವ ತಂತ್ರಾಂಶವೇ ಡ್ರೈವರ್. ತಪ್ಪು ಡ್ರೈವರ್ ಹಾಕಿದರೆ ಪುಟದ ತುಂಬ ಅರ್ಥವಿಲ್ಲದ ಅಕ್ಷರ ಬರುತ್ತೆ. ಡ್ರೈವರನ್ನು ಪ್ರಿಂಟರ್ ಕಂಪನಿಯ ಸ್ವಂತ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳಬೇಕು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

7. ಕ್ಯೂ. ಅಂದರೆ ಸಾಲು. ನಾವು ಪ್ರಿಂಟ್ ಒತ್ತಿದ್ದೆಲ್ಲ ಒಂದು ಸಾಲಿನಲ್ಲಿ ನಿಲ್ಲುತ್ತೆ, ರೇಷನ್ ಅಂಗಡಿ ಮುಂದೆ ನಿಂತ ಹಾಗೆ. ಮುಂದಿನದು ಸಿಕ್ಕಿಕೊಂಡರೆ ಹಿಂದಿನದೆಲ್ಲ ಕಾಯುತ್ತೆ. ಐದು ಸಲ ಒತ್ತಿದರೆ ಐದು ಸಾಲಿಗೆ ಸೇರುತ್ತೆ, ಮಾಯ ಆಗಲ್ಲ. ಪ್ರಿಂಟರ್ ಸರಿಯಾದ ದಿನ ಎಲ್ಲ ಒಟ್ಟಿಗೆ ಹೊರಬರುತ್ತೆ. ಹಾಗಾಗಿ ಪ್ರಿಂಟ್ ಬರಲಿಲ್ಲ ಅಂದರೆ ಮತ್ತೆ ಮತ್ತೆ ಒತ್ತಬೇಡಿ. ಸಾಲನ್ನು ತೆರೆದು, ಬೇಡದ್ದನ್ನು ಕ್ಯಾನ್ಸಲ್ ಮಾಡಿ.

ಜೋಡಿಸುವ ಐದು ದಾರಿಗಳು

ಮೊದಲನೆಯದು: ಯುಎಸ್‌ಬಿ ಕೇಬಲ್

ಪ್ರಿಂಟರಿನಿಂದ ನೇರ ಕಂಪ್ಯೂಟರಿಗೆ ಒಂದು ವೈರ್. ಕಂಪ್ಯೂಟರ್ ಕಡೆಯ ತುದಿ ಚಪ್ಪಟೆ, ಪ್ರಿಂಟರ್ ಕಡೆಯದು ಹೆಚ್ಚು ಕಡಿಮೆ ಚೌಕ. ಇಲ್ಲಿ ಐಪಿ, ರೂಟರ್ ಯಾವ ಗೋಜೂ ಇಲ್ಲ. ಒಂದೇ ಕಂಪ್ಯೂಟರ್ ಇರುವ ಕಚೇರಿಗೆ ಇದೇ ಸಾಕು, ಇದೇ ಒಳ್ಳೆಯದು. ಆದರೆ ಕೇಬಲ್ ತುಂಬ ಉದ್ದ ಇರಬಾರದು. ಸಾಮಾನ್ಯ ಯುಎಸ್‌ಬಿ 2.0 ಕೇಬಲ್‌ಗೆ 5 ಮೀಟರ್ ಮಿತಿ. ಮತ್ತೆ ಆ ಒಂದು ಕಂಪ್ಯೂಟರಿಗೆ ಮಾತ್ರ ಪ್ರಿಂಟ್ ಬರುತ್ತೆ.

ಜಾಲದ ಜೋಡಣೆ ಇರುವ ಕಚೇರಿಯವರೂ ಒಂದು ಯುಎಸ್‌ಬಿ ಕೇಬಲನ್ನು ಕಪಾಟಿನಲ್ಲಿ ಇಟ್ಟುಕೊಳ್ಳಿ. ಅದರ ಬೆಲೆ ದೊಡ್ಡದಲ್ಲ. ಬಹಳಷ್ಟು ಪ್ರಿಂಟರುಗಳಿಗೆ ಎರಡೂ ದಾರಿ ಇರುತ್ತೆ. ಜಾಲ ಕೈಕೊಟ್ಟ ದಿನ ಈ ವೈರ್ ಹಾಕಿ ಪ್ರಿಂಟ್ ತೆಗೆಯಬಹುದು. ಆ ಶುಕ್ರವಾರ ನಮ್ಮ ಕಪಾಟಿನಲ್ಲಿ ಇದೊಂದು ಇದ್ದಿದ್ದರೆ ನಾವು ಓಡಬೇಕಾಗಿರಲಿಲ್ಲ.

ಎರಡನೆಯದು: ಒಂದು ಕಂಪ್ಯೂಟರಿನ ಮೂಲಕ ಹಂಚಿಕೊಳ್ಳುವುದು

ಪ್ರಿಂಟರ್ ಒಂದು ಕಂಪ್ಯೂಟರಿಗೆ ಯುಎಸ್‌ಬಿ ಮೂಲಕ ಜೋಡಣೆ ಆಗಿದೆ. ಎರಡನೇ ಕಂಪ್ಯೂಟರ್ ಜಾಲದ ಮೂಲಕ ಮೊದಲನೆಯದನ್ನು ಕೇಳಿ ಪ್ರಿಂಟ್ ತೆಗೆಯುತ್ತೆ. ಇದಕ್ಕೆ ಷೇರಿಂಗ್ ಅಂತಾರೆ. ಜಾಲದ ವ್ಯವಸ್ಥೆ ಇಲ್ಲದ ಹಳೆಯ ಪ್ರಿಂಟರಿಗೆ ಇದು ಉಪಯೋಗ. ತೊಂದರೆ ಏನೆಂದರೆ, ಮೊದಲನೇ ಕಂಪ್ಯೂಟರ್ ಆನ್ ಇರಲೇಬೇಕು, ನಿದ್ದೆಗೂ ಹೋಗಬಾರದು. ಲೆಕ್ಕದ ಅಕ್ಕ ರಜೆ ಹಾಕಿ ಅವರ ಕಂಪ್ಯೂಟರ್ ಆಫ್ ಇದ್ದರೆ ಯಾರಿಗೂ ಪ್ರಿಂಟ್ ಇಲ್ಲ.

ಮೂರನೆಯದು: ನೆಟ್‌ವರ್ಕ್ ಕೇಬಲ್

ಪ್ರಿಂಟರಿನಿಂದ ರೂಟರಿಗೆ ಒಂದು ಕೇಬಲ್. ಹಳೆ ಲ್ಯಾಂಡ್‌ಲೈನ್ ಫೋನಿನ ಪಿನ್ನಿನ ಹಾಗೆ ಕಾಣುತ್ತೆ, ಆದರೆ ಅದಕ್ಕಿಂತ ಅಗಲ, ಒಳಗೆ 8 ತಂತಿ. ಹಾಕಿದಾಗ "ಟಕ್" ಅನ್ನಬೇಕು. ಅನ್ನಲಿಲ್ಲ ಅಂದರೆ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಈ ಕೇಬಲ್ 100 ಮೀಟರ್ ತನಕ ಎಳೆಯಬಹುದು, ಹಾಗಾಗಿ ಪಕ್ಕದ ಕೋಣೆಗೂ ಒಯ್ಯಬಹುದು. ರೂಟರಿಗೆ ಜೋಡಣೆ ಆಗಿರುವ ಎಲ್ಲ ಕಂಪ್ಯೂಟರಿಗೂ ಪ್ರಿಂಟ್ ಸಿಗುತ್ತೆ. ಯಾವ ಕಂಪ್ಯೂಟರ್ ಆಫ್ ಇದ್ದರೂ ಬೇರೆಯವರಿಗೆ ತೊಂದರೆ ಇಲ್ಲ. ರೂಟರಿನಲ್ಲಿ ಕೇಬಲ್ ಹಾಕುವ ಜಾಗ ಸಾಲದಿದ್ದರೆ ಸ್ವಿಚ್ ಅನ್ನೋ ಇನ್ನೊಂದು ಪೆಟ್ಟಿಗೆ ತಂದು ಜಾಗ ಹೆಚ್ಚಿಸಿಕೊಳ್ಳಬಹುದು. ಇದು ಗೋಡೆಯ ದೀಪದ ಸ್ವಿಚ್ ಅಲ್ಲ, ಒಂದು ಪ್ಲಗ್ಗಿಗೆ ನಾಲ್ಕು ಪ್ಲಗ್ ಮಾಡಿಕೊಡುವ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದ ಹಾಗೆ ಅಂದುಕೊಳ್ಳಿ.

ನಾಲ್ಕನೆಯದು: ವೈ-ಫೈ

ವೈರ್ ಇಲ್ಲದೆ ಗಾಳಿಯಲ್ಲಿ ರೇಡಿಯೋ ಅಲೆಗಳ ಮೂಲಕ ರೂಟರಿಗೆ ಸೇರುವುದು. ಮೊದಲ ಸಲ ಪ್ರಿಂಟರಿಗೆ ನಮ್ಮ ವೈ-ಫೈಯ ಹೆಸರು ಮತ್ತು ಪಾಸ್‌ವರ್ಡ್ ಹೇಳಿಕೊಡಬೇಕು. ಪರದೆ ಇಲ್ಲದ ಪ್ರಿಂಟರುಗಳಲ್ಲಿ ಡಬ್ಲ್ಯೂಪಿಎಸ್ ಗುಂಡಿಯ ವ್ಯವಸ್ಥೆ ಇರಬಹುದು. ರೂಟರಿನಲ್ಲಿ ಆ ಗುಂಡಿ ಒತ್ತಿ, 2 ನಿಮಿಷದ ಒಳಗೆ ಪ್ರಿಂಟರಿನಲ್ಲೂ ಒತ್ತಿದರೆ ಎರಡೂ ಪರಿಚಯ ಮಾಡಿಕೊಳ್ಳುತ್ತವೆ.

ಇಲ್ಲಿ ಅನೇಕರು ಎಡವುವ ಜಾಗ ಒಂದಿದೆ. ಈಗಿನ ರೂಟರುಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬಗೆಯ ಅಲೆ ಇರುತ್ತೆ. ಕಡಿಮೆ ಬೆಲೆಯ ಅನೇಕ ಪ್ರಿಂಟರುಗಳಿಗೆ 2.4 ಮಾತ್ರ ಗೊತ್ತು. ಪ್ರಿಂಟರಿಗೆ ನಿಮ್ಮ ವೈ-ಫೈ ಹೆಸರೇ ಕಾಣುತ್ತಿಲ್ಲ ಅಂದರೆ ಅದು 5ರ ಹೆಸರಾಗಿರಬಹುದು. 2.4ರ ಹೆಸರನ್ನು ಆರಿಸಿ. ಗೋಡೆ ದಾಟಿ ಹೋಗುವುದರಲ್ಲೂ 2.4 ಮುಂದು. ಇನ್ನು ಪಾಸ್‌ವರ್ಡ್ ಬದಲಾಯಿಸಿದ ದಿನ ಪ್ರಿಂಟರಿಗೂ ಹೊಸದನ್ನು ಹೇಳಿಕೊಡಲು ಮರೆಯಬೇಡಿ. ಮೊಬೈಲಿಗೆಲ್ಲ ಹಾಕಿ ಪ್ರಿಂಟರನ್ನು ಮರೆಯುವುದು ಸಾಮಾನ್ಯ.

ಐದನೆಯದು: ಮೊಬೈಲಿನಿಂದ

ಈಗ ಅರ್ಜಿ, ರಸೀದಿ ಎಲ್ಲ ವಾಟ್ಸಾಪಿನಲ್ಲೇ ಬರುತ್ತವೆ. ಮೊಬೈಲ್ ಮತ್ತು ಪ್ರಿಂಟರ್ ಒಂದೇ ವೈ-ಫೈಯಲ್ಲಿ ಇದ್ದರೆ ಫೈಲ್ ತೆರೆದು ಪ್ರಿಂಟ್ ಒತ್ತಿದರೆ ಸಾಕು. ಐಫೋನುಗಳಲ್ಲಿ ಏರ್‌ಪ್ರಿಂಟ್ ಎಂಬ ವ್ಯವಸ್ಥೆ 2010ರಿಂದ ಇದೆ, ಆಂಡ್ರಾಯ್ಡ್ ಫೋನುಗಳಲ್ಲೂ ಇಂಥದ್ದೇ ಇದೆ. ಪ್ರಿಂಟರೂ ಅದನ್ನು ತಿಳಿದಿರಬೇಕು ಅಷ್ಟೇ. ಮೊಬೈಲ್ ಡೇಟಾದಲ್ಲಿ ಇದ್ದರೆ ಪ್ರಿಂಟರ್ ಕಾಣಲ್ಲ, ಮೊದಲು ಕಚೇರಿಯ ವೈ-ಫೈಗೆ ಬನ್ನಿ.

ರೂಟರೇ ಇಲ್ಲದ ಕಡೆ ವೈ-ಫೈ ಡೈರೆಕ್ಟ್ ಅಂತ ಒಂದಿದೆ. ಪ್ರಿಂಟರೇ ತನ್ನದೊಂದು ಸಣ್ಣ ವೈ-ಫೈ ಹೊರಡಿಸುತ್ತೆ, ಮೊಬೈಲ್ ಅದಕ್ಕೆ ನೇರ ಸೇರುತ್ತೆ. ಹಳೆಯ ಕೈಪಿಡಿಗಳಲ್ಲಿ ಗೂಗಲ್ ಕ್ಲೌಡ್ ಪ್ರಿಂಟ್ ಎಂಬ ಸೇವೆಯ ಬಗ್ಗೆ ಬರೆದಿರುತ್ತೆ. ಅದು 2020ರ ಕೊನೆಗೆ ನಿಂತುಹೋಯಿತು, ಅದನ್ನು ಹುಡುಕಬೇಡಿ.

ನಮಗೆ ಯಾವುದು ಸರಿ?

ಒಂದೇ ಕಂಪ್ಯೂಟರ್ ಇದ್ದರೆ ಯುಎಸ್‌ಬಿ. ಎರಡು ಮೂರು ಕಂಪ್ಯೂಟರ್ ಇದ್ದು ಪ್ರಿಂಟರ್ ರೂಟರ್ ಹತ್ತಿರವೇ ಇದ್ದರೆ ನೆಟ್‌ವರ್ಕ್ ಕೇಬಲ್. ಕೇಬಲ್ ಎಳೆಯಲು ಆಗದ ಬಾಡಿಗೆ ಕಟ್ಟಡವಾದರೆ ವೈ-ಫೈ. ಹೊಸ ಪ್ರಿಂಟರ್ ಕೊಳ್ಳುವಾಗ ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿ: "ಇದಕ್ಕೆ ನೆಟ್‌ವರ್ಕ್ ಕೇಬಲ್ ಹಾಕುವ ಜಾಗ ಇದೆಯಾ? ವೈ-ಫೈ ಇದೆಯಾ? ಮೊಬೈಲಿನಿಂದ ಪ್ರಿಂಟ್ ಬರುತ್ತಾ?" ಹೊರಗಿನಿಂದ ಒಂದೇ ಥರ ಕಾಣುವ ಪ್ರಿಂಟರುಗಳಲ್ಲಿ ಈ ವ್ಯತ್ಯಾಸ ಇರುತ್ತೆ. ಮನೆಗೆ ತಂದ ಮೇಲೆ ಗೊತ್ತಾದರೆ ಪ್ರಯೋಜನ ಇಲ್ಲ.

"ಆಫ್‌ಲೈನ್" ಅಂತ ಬಂದರೆ ಏನು ಮಾಡಬೇಕು?

ಗಾಬರಿ ಬೇಡ. ಹೀಗೆ ಒಂದೊಂದಾಗಿ ನೋಡಿ.

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ಪ್ರಿಂಟರ್ ಆನ್ ಇದೆಯಾ, ಕಾಗದ ಸಿಕ್ಕಿಕೊಂಡಿದೆಯಾ, ಕೇಬಲ್ ಸಡಿಲ ಇದೆಯಾ, ರೂಟರಿನ ದೀಪ ಉರಿಯುತ್ತಿದೆಯಾ.

ಎರಡನೆಯದಾಗಿ, ಸರಿಯಾದ ಪ್ರಿಂಟರನ್ನೇ ಆರಿಸಿದ್ದೀರಾ ನೋಡಿ. ಪಟ್ಟಿಯಲ್ಲಿ "ಪ್ರಿಂಟ್ ಟು ಪಿಡಿಎಫ್" ಅಂತ ಇನ್ನೊಂದು ಇರುತ್ತೆ. ಅದು ಕಾಗದದ ಮೇಲೆ ಬರಲ್ಲ, ಫೈಲ್ ಮಾಡುತ್ತೆ.

ಮೂರನೆಯದಾಗಿ, ಎಲ್ಲವನ್ನೂ ಆಫ್ ಮಾಡಿ ಕ್ರಮವಾಗಿ ಆನ್ ಮಾಡಿ. ಮೊದಲು ರೂಟರ್. ಎರಡು ಮೂರು ನಿಮಿಷ ಬಿಟ್ಟು ಪ್ರಿಂಟರ್. ಆಮೇಲೆ ಕಂಪ್ಯೂಟರ್. ಅಂಚೆ ಕಚೇರಿ ತೆರೆದ ಮೇಲೇ ಕಾಗದ ಹಾಕಬೇಕು ಅಲ್ವಾ? ಅನೇಕ ಸಲ ಇಷ್ಟಕ್ಕೇ ಸರಿಹೋಗುತ್ತೆ.

ನಾಲ್ಕನೆಯದಾಗಿ, ಪ್ರಿಂಟರಿನ ಈಗಿನ ನಂಬರ್ ಏನು ಅಂತ ಅದನ್ನೇ ಕೇಳಿ. ಪರದೆ ಇರುವ ಪ್ರಿಂಟರಿನಲ್ಲಿ ನೆಟ್‌ವರ್ಕ್ ಎಂಬ ಮೆನುವಿನಲ್ಲಿ ಸಿಗುತ್ತೆ. ಪರದೆ ಇಲ್ಲದಿದ್ದರೆ ಪ್ರಿಂಟರಿನದೇ ವಿವರದ ಪುಟವನ್ನು ಮುದ್ರಿಸಬಹುದು. ಯಾವ ಗುಂಡಿ ಒತ್ತಬೇಕು ಅಂತ ಪ್ರಿಂಟರ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತೆ, ಆ ಪುಸ್ತಕ ಬಿಸಾಡಬೇಡಿ. ಆ ಪುಟದಲ್ಲಿ ಐಪಿ ವಿಳಾಸ, ಮ್ಯಾಕ್ ವಿಳಾಸ ಎರಡೂ ಇರುತ್ತವೆ.

ನಂಬರ್ 169.254 ಅಂತ ಶುರುವಾದರೆ ಪ್ರಿಂಟರಿಗೆ ರೂಟರಿನಿಂದ ನಂಬರ್ ಸಿಕ್ಕಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಅಂತ ಅರ್ಥ. ಕೇಬಲ್ ಅಥವಾ ವೈ-ಫೈ ಪಾಸ್‌ವರ್ಡ್ ನೋಡಬೇಕು. 192.168 ಅಂತ ಇದ್ದರೆ, ಅದೇ ನಂಬರನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ಜಾಲತಾಣದ ಹೆಸರು ಬರೆಯುವ ಜಾಗದಲ್ಲಿ ಬರೆದು ಎಂಟರ್ ಒತ್ತಿ. ಬಹಳಷ್ಟು ನೆಟ್‌ವರ್ಕ್ ಪ್ರಿಂಟರುಗಳಲ್ಲಿ ಪ್ರಿಂಟರಿನದೇ ಒಂದು ಪುಟ ತೆರೆಯುತ್ತೆ. ತೆರೆದರೆ ದಾರಿ ಸರಿ ಇದೆ, ಕಂಪ್ಯೂಟರಿನಲ್ಲಿ ಬರೆದಿಟ್ಟ ವಿಳಾಸ ಮಾತ್ರ ಹಳೆಯದು ಅಂತ ತಿಳಿಯಬಹುದು.

ಐದನೆಯದಾಗಿ, ಹಳೆ ವಿಳಾಸ ತಿದ್ದಿ. ವಿಂಡೋಸ್ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ಒಳಗೆ ಪ್ರಿಂಟರ್ಸ್ ಪಟ್ಟಿ ತೆರೆದು, ನಮ್ಮ ಪ್ರಿಂಟರನ್ನು ಆರಿಸಿ, ಪ್ರಿಂಟರ್ ಪ್ರಾಪರ್ಟೀಸ್ ಒತ್ತಿ. ಅದರಲ್ಲಿ ಪೋರ್ಟ್ಸ್ ಎಂಬ ಭಾಗ ಇದೆ. ಟಿಕ್ ಆಗಿರುವ ಸಾಲಿನಲ್ಲಿ ಹಳೆ ನಂಬರ್ ಇದ್ದರೆ ಕಾನ್ಫಿಗರ್ ಪೋರ್ಟ್ ಒತ್ತಿ ಹೊಸದನ್ನು ಬರೆಯಿರಿ. ಅಲ್ಲಿ ಡಬ್ಲ್ಯೂಎಸ್‌ಡಿ ಅಂತ ಇದ್ದು ನಂಬರ್ ಇಲ್ಲದಿದ್ದರೆ ಆಡ್ ಪೋರ್ಟ್ ಒತ್ತಿ, ಸ್ಟ್ಯಾಂಡರ್ಡ್ ಟಿಸಿಪಿ-ಐಪಿ ಪೋರ್ಟ್ ಆರಿಸಿ, ನಂಬರ್ ಕೊಡಿ. ರಿಪೇರಿ ಹುಡುಗ ಹತ್ತು ನಿಮಿಷದಲ್ಲಿ ಮಾಡಿದ್ದು ಇದನ್ನೇ!

ಒಮ್ಮೆ ಮಾಡಿಟ್ಟರೆ ಮತ್ತೆ ತೊಂದರೆ ಇಲ್ಲ

ನಂಬರ್ ಮತ್ತೆ ಮತ್ತೆ ಬದಲಾಗದಂತೆ ಮಾಡುವುದೇ ಶಾಶ್ವತ ಪರಿಹಾರ. ಇದಕ್ಕೆ ಒಳ್ಳೆಯ ದಾರಿ ರೂಟರಿನಲ್ಲೇ ಹೇಳಿಡುವುದು: "ಈ ಮ್ಯಾಕ್ ವಿಳಾಸದ ಯಂತ್ರ ಬಂದರೆ ಯಾವಾಗಲೂ ಈ ನಂಬರನ್ನೇ ಕೊಡು." ಇದಕ್ಕೆ ಅಡ್ರೆಸ್ ರಿಸರ್ವೇಷನ್ ಅನ್ನುತ್ತಾರೆ. ಬಸ್ಸಿನಲ್ಲಿ ಸೀಟು ಕಾದಿರಿಸಿದ ಹಾಗೆ. ಕರೆಂಟ್ ಎಷ್ಟು ಸಲ ಹೋಗಿ ಬಂದರೂ ಪ್ರಿಂಟರಿಗೆ ಅದೇ ನಂಬರ್. ಮೊದಲ ಸಲ ರಿಪೇರಿಯವರಿಂದಲೇ ಮಾಡಿಸಿ, ಪಕ್ಕದಲ್ಲಿ ಕೂತು ನೋಡಿ, ಬರೆದುಕೊಳ್ಳಿ. ಕೇಳಲು ಈಗ ನಿಮಗೆ ಪದ ಗೊತ್ತು: "ಪ್ರಿಂಟರಿಗೆ ಐಪಿ ರಿಸರ್ವ್ ಮಾಡಿಕೊಡಪ್ಪ."

ಇನ್ನೊಂದು ಸಣ್ಣ ಮಾತು. ರೂಟರನ್ನು ಯುಪಿಎಸ್ಸಿಗೆ ಜೋಡಿಸಿದರೆ ಕರೆಂಟ್ ಹೋದಾಗಲೂ ಅದು ಆಫ್ ಆಗಲ್ಲ. ಆದರೆ ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್ಸಿಗೆ ಹಾಕಬೇಡಿ. ಅದರೊಳಗೆ ಶಾಯಿಪುಡಿಯನ್ನು ಕರಗಿಸಿ ಕಾಗದಕ್ಕೆ ಹಿಡಿಸುವ ಹೀಟರ್ ಇದೆ, ಅದು ಒಮ್ಮೆಲೇ ತುಂಬ ಕರೆಂಟ್ ಎಳೆಯುತ್ತೆ.

ಸಂಘದ ಮಾತು ಸಂಘದಲ್ಲೇ ಇರಲಿ

ಪ್ರಿಂಟರ್ ಜಾಲಕ್ಕೆ ಸೇರಿದರೆ ಅನುಕೂಲದ ಜೊತೆ ಜವಾಬ್ದಾರಿಯೂ ಬರುತ್ತೆ. ಇವಿಷ್ಟನ್ನು ಪಾಲಿಸಿ.

ಕಚೇರಿಯ ವೈ-ಫೈ ಪಾಸ್‌ವರ್ಡನ್ನು ಬಂದವರಿಗೆಲ್ಲ ಕೊಡಬೇಡಿ, ಗೋಡೆ ಮೇಲೆ ಬರೆಯಬೇಡಿ. ಹೊರಗಿನವರಿಗೆ ಕೊಡಲೇಬೇಕಾದರೆ ಅನೇಕ ರೂಟರುಗಳಲ್ಲಿ ಗೆಸ್ಟ್ ವೈ-ಫೈ ಅಂತ ಬೇರೆಯದೇ ಇರುತ್ತೆ, ಅದನ್ನು ಕೊಡಿ. ಮನೆಯ ಪಡಸಾಲೆ ಬೇರೆ, ಒಳಮನೆ ಬೇರೆ ಇದ್ದ ಹಾಗೆ. ಪ್ರಿಂಟರನ್ನು ಮಾತ್ರ ಗೆಸ್ಟ್ ಕಡೆಗೆ ಸೇರಿಸಬೇಡಿ.

ಪ್ರಿಂಟರಿನ ಒಳಪುಟಕ್ಕೂ, ರೂಟರಿಗೂ ಕಂಪನಿ ಹಾಕಿಕೊಟ್ಟ ಪಾಸ್‌ವರ್ಡ್ ಇರುತ್ತೆ. ಅದನ್ನು ಬದಲಾಯಿಸಿ. ವೈ-ಫೈ ಡೈರೆಕ್ಟ್ ಬಳಸದಿದ್ದರೆ ಆಫ್ ಮಾಡಿಡಿ.

ಪ್ರಿಂಟ್ ಒತ್ತಿದ ಕೂಡಲೇ ಹೋಗಿ ಕಾಗದ ತೆಗೆದುಕೊಳ್ಳಿ. ಪ್ರಿಂಟರನ್ನು ಸಂದರ್ಶಕರು ಕೂರುವ ಕಡೆ ಇಡಬೇಡಿ. ಕೆಟ್ಟ ಪ್ರತಿಗಳನ್ನು ಹಿಂಬದಿ ಬರೆಯಲು ಬಳಸುವ ಮುಂಚೆ ಅದರಲ್ಲಿ ಯಾರದಾದರೂ ಆಧಾರ್, ಖಾತೆ ನಂಬರ್ ಇದೆಯಾ ನೋಡಿ. ಇದ್ದರೆ ಹರಿದು ಹಾಕಿ.

ಅಂಗಡಿಗೆ ಹೋಗಲೇಬೇಕಾದ ದಿನ ಬಂದರೆ, ಕೆಲಸ ಮುಗಿದ ಮೇಲೆ "ನಮ್ಮ ಫೈಲ್ ಅಳಿಸಿ" ಅಂತ ಕೇಳಿ, ನಿಮ್ಮ ಎದುರೇ ಅಳಿಸಲಿ, ರೀಸೈಕಲ್ ಬಿನ್ನಿನಿಂದಲೂ ಅಳಿಸಲಿ. ನಾಚಿಕೆ ಬೇಡ. ಆಧಾರಿನ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುವ ಕಡೆ ಅದನ್ನೇ ಬಳಸಿ.

ಒಂದು ಪುಟದ ದಾಖಲೆ

ನಡಾವಳಿ ಪುಸ್ತಕ, ಉಳಿತಾಯ ಪುಸ್ತಕ ಇಟ್ಟ ಹಾಗೆ ಪ್ರಿಂಟರಿಗೂ ಒಂದು ಪುಟ ಇಡಿ. ಅದರಲ್ಲಿ ಇಷ್ಟು ಬರೆಯಿರಿ: ಪ್ರಿಂಟರಿನ ಮಾಡೆಲ್, ಕೊಂಡ ದಿನಾಂಕ, ಗ್ಯಾರಂಟಿ ಮುಗಿಯುವ ದಿನ, ಐಪಿ ವಿಳಾಸ, ಮ್ಯಾಕ್ ವಿಳಾಸ, ಸೇರಿರುವ ವೈ-ಫೈ ಹೆಸರು, ರಿಪೇರಿ ಆದ ದಿನ ಮತ್ತು ಏನು ಮಾಡಿದರು ಅನ್ನೋದು. ಪಾಸ್‌ವರ್ಡುಗಳನ್ನು ಬೇರೆ ಹಾಳೆಯಲ್ಲಿ ಬರೆದು ಲಕೋಟೆಗೆ ಹಾಕಿ ನಗದು ಪೆಟ್ಟಿಗೆಯಲ್ಲಿ ಇಡಿ. ಕನಿಷ್ಠ ಇಬ್ಬರಿಗೆ ಈ ಕೆಲಸ ಗೊತ್ತಿರಲಿ. ಒಬ್ಬರಿಗೇ ಗೊತ್ತಿದ್ದರೆ ಅವರು ಬಾರದ ದಿನ ಮತ್ತೆ ಹಳೇ ಕತೆ.

ಬಾಕಿ ವಿಷಯ ಕೇಳಿದ ಆ ಅಕ್ಕನ ಹತ್ತಿರ ನಾವು ಸಭೆಯಲ್ಲೇ ಕ್ಷಮೆ ಕೇಳಿದೆವು. ಸದಸ್ಯೆಯರ ಕಾಗದಪತ್ರ ಕಚೇರಿಯಲ್ಲೇ ಪ್ರಿಂಟ್ ಆಗಬೇಕು ಅಂತ ನಡಾವಳಿಯಲ್ಲಿ ಬರೆದುಕೊಂಡೆವು. ಆಮೇಲೆಯೂ ಕರೆಂಟ್ ಹೋಗಿದೆ, ಪ್ರಿಂಟರ್ ನಿಂತಿದೆ. ಆದರೆ ಈಗ ಯಾರೂ ಪೆನ್‌ಡ್ರೈವ್ ಹಿಡಿದು ಓಡುವುದಿಲ್ಲ. ಆ ಪುಟ ತೆರೆದು ನಂಬರ್ ನೋಡುತ್ತೇವೆ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಒಕ್ಕೂಟದ ಪ್ರಿಂಟರ್ ಮೇಲಿನ ಐದು ದಾರಿಯಲ್ಲಿ ಯಾವುದರಿಂದ ಜೋಡಣೆ ಆಗಿದೆ?
2. ಅದರ ಐಪಿ ವಿಳಾಸ ಏನು? ಯಾರು ಕಂಡುಹಿಡಿದು ಬರುತ್ತೀರಿ?
3. ನಮ್ಮ ಸದಸ್ಯೆಯರ ಕಾಗದಗಳು ಈಗ ಯಾವ ಯಾವ ಕಂಪ್ಯೂಟರಿನಲ್ಲಿ ಉಳಿದಿವೆ?
4. ಈ ಕೆಲಸ ಕಲಿಯಲು ಮುಂದೆ ಬರುವ ಇಬ್ಬರು ಯಾರು?